ಅರವತ್ತು ಕೇಳಿದ್ದರು, ನಲವತ್ತೊಂದು ಸಿಕ್ಕಿತು: ಒಂದು ಶಿಶುಪಾಲನಾ ಕೇಂದ್ರದ ಪರವಾನಗಿ ಪ್ರಕರಣ

ಒಂದೇ ಅಂತಸ್ತಿನ ಹಳೆಯ ಫರ್ನಿಚರ್ ಮಳಿಗೆ. ಒಳಗೆ 310 ಚದರ ಮೀಟರ್, ಹೊರಗೆ ಸುತ್ತಲೂ ಸೇರಿ 420 ಚದರ ಮೀಟರ್ ಜಾಗ. ಆರು ತಿಂಗಳಿನಿಂದ ಐದು ವರ್ಷದೊಳಗಿನ 60 ಮಕ್ಕಳನ್ನು ಬೆಳಿಗ್ಗೆ 7.30ರಿಂದ ಸಂಜೆ 6ರವರೆಗೆ ನೋಡಿಕೊಳ್ಳುವ ಕೇಂದ್ರ ತೆರೆಯುವುದು ಅರ್ಜಿದಾರರ ಯೋಜನೆ. ಮೊದಲು ಐದು ವರ್ಷದ ಬಾಡಿಗೆ ಕರಾರಿಗೆ ಸಹಿ ಹಾಕಿದರು, ಆಮೇಲೆ ಒಳಗೆ ಗೋಡೆ ಎಬ್ಬಿಸಿದರು, ಅರ್ಜಿ ಹಾಕಿದ್ದು ಅದರ ನಂತರ. ಹನ್ನೊಂದು ತಿಂಗಳ ಬಳಿಕ ಕೈಗೆ ಬಂದ ಪರವಾನಗಿಯಲ್ಲಿ ಇದ್ದ ಸಂಖ್ಯೆ 41.

ಆ ಹತ್ತೊಂಬತ್ತು ಮಕ್ಕಳ ಜಾಗ ಎಲ್ಲಿ ಹೋಯಿತು ಎಂಬುದೇ ಇಲ್ಲಿನ ವಿಷಯ. ಇದು ಯಾವುದೋ ಒಂದು ನಿಜ ಕೇಂದ್ರದ ಕಥೆಯಲ್ಲ. ಪರವಾನಗಿ ಅರ್ಜಿಗಳಲ್ಲಿ ಪದೇ ಪದೇ ಎದುರಾಗುವ ತೊಡಕುಗಳನ್ನು ಒಂದೇ ಕಟ್ಟಡದೊಳಗೆ ತಂದು ಲೆಕ್ಕ ಹಾಕಿದ ಮಾದರಿ ಪ್ರಕರಣ. ಪರವಾನಗಿಯ ನಿಯಮ ದೇಶದಿಂದ ದೇಶಕ್ಕೆ, ಒಮ್ಮೊಮ್ಮೆ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಲೆಕ್ಕಕ್ಕೆ ಒಂದು ಅಳತೆಗೋಲು ಬೇಕಾದ್ದರಿಂದ ಆಸ್ಟ್ರೇಲಿಯಾದ ರಾಷ್ಟ್ರೀಯ ನಿಯಮದ ಅಂಕಿಗಳನ್ನು ಹಿಡಿದಿದ್ದೇವೆ: ಮಗುವೊಂದಕ್ಕೆ ಒಳಗೆ 3.25 ಚದರ ಮೀಟರ್, ಹೊರಗೆ 7 ಚದರ ಮೀಟರ್. ಅಮೆರಿಕದ ಕ್ಯಾಲಿಫೋರ್ನಿಯಾ ಇದನ್ನೇ ಅಡಿಯ ಲೆಕ್ಕದಲ್ಲಿ 35 ಮತ್ತು 75 ಚದರಡಿ ಎನ್ನುತ್ತದೆ. ಅಳತೆ ಹೆಚ್ಚುಕಡಿಮೆ ಒಂದೇ. ಬೇರೆ ಕಡೆಯ ನಿಯಮ ಬಂದಾಗ ಆ ಜಾಗದ ಹೆಸರು ಹೇಳಿದ್ದೇವೆ.

ಅರವತ್ತು ಎಂಬ ಸಂಖ್ಯೆ ಹುಟ್ಟಿದ ಬಗೆ

310ನ್ನು 3.25ರಿಂದ ಭಾಗಿಸಿದರೆ 95 ಬರುತ್ತದೆ. ಅರ್ಜಿದಾರರು ಅದನ್ನು ನೋಡಿ, ಅಷ್ಟು ಬೇಡ, ಮಕ್ಕಳು ಆರಾಮವಾಗಿರಲಿ ಎಂದು 60ಕ್ಕೆ ನಿಂತರು. ಉದ್ದೇಶ ಒಳ್ಳೆಯದೇ. ತಪ್ಪಿದ್ದು ಭಾಗಿಸಿದ ಸಂಖ್ಯೆಯಲ್ಲಿ. ನಿಯಮ ಕೇಳುವುದು ಕಟ್ಟಡದ ವಿಸ್ತೀರ್ಣವನ್ನಲ್ಲ, ಮಗು ನಿಜವಾಗಿ ಆಡಬಹುದಾದ, ಅಡೆತಡೆಯಿಲ್ಲದ ನೆಲವನ್ನು.

ಅಡುಗೆಮನೆಗೆ 18 ಚದರ ಮೀಟರ್, ಶೌಚಾಲಯಗಳಿಗೆ 22, ಓಡಾಟದ ದಾರಿಗೆ 26, ಕಚೇರಿಗೆ 14, ಸಿಬ್ಬಂದಿ ಕೋಣೆಗೆ 12, ಉಗ್ರಾಣಕ್ಕೆ 16, ಬಟ್ಟೆ ಒಗೆಯುವ ಜಾಗಕ್ಕೆ 6, ಡಯಾಪರ್ ಬದಲಿಸುವ ಜಾಗಕ್ಕೆ 8. ಒಟ್ಟು 122 ಕಳೆಯಿತು. ಉಳಿದ 188 ಚದರ ಮೀಟರ್ ಮೂರು ಕೋಣೆಗಳಲ್ಲಿ ಹಂಚಿಹೋಗಿತ್ತು: ಎರಡು ವರ್ಷದೊಳಗಿನ ಹಸುಗೂಸುಗಳಿಗೆ 52, ಎರಡು ತುಂಬಿದವರಿಗೆ 58, ಮೂರರಿಂದ ಐದರವರಿಗೆ 78.

ಕಳೆಯುವ ಕೆಲಸ ಅಲ್ಲಿಗೂ ಮುಗಿಯುವುದಿಲ್ಲ. ಹಸುಗೂಸುಗಳ ಕೋಣೆಯಲ್ಲಿ ತೊಟ್ಟಿಲು ಇಡುವ 10 ಚದರ ಮೀಟರ್ ಮತ್ತು ಗೋಡೆಗೆ ಜಡಿದ ಬೀರುಗಳ 3 ಹೋದರೆ 39 ಉಳಿಯುತ್ತದೆ, ಅಂದರೆ 12 ಮಕ್ಕಳು. ನಡುವಿನ ಕೋಣೆಯ ಸಮಸ್ಯೆ ವಿಚಿತ್ರವಾದದ್ದು. ದೊಡ್ಡ ಮಕ್ಕಳ ಕೋಣೆಗೆ ಹೋಗಲು ಅದೇ ದಾರಿ. ಜನ ಹಾದುಹೋಗುವ ಆ ಪಟ್ಟಿ 5.25 ಚದರ ಮೀಟರ್, ಬೀರುಗಳು 4. ಉಳಿದದ್ದು 48.75, ಮಕ್ಕಳು 15. ದೊಡ್ಡ ಮಕ್ಕಳ ಕೋಣೆಯಲ್ಲಿ ಕಪಾಟು, ಸಿಂಕು ಸೇರಿ 6.5 ಹೋಗಿ 71.5 ಉಳಿಯಿತು, ಮಕ್ಕಳು 22. ಒಟ್ಟು 49. ಈ ಲೆಕ್ಕದಲ್ಲಿ ಮೇಲಕ್ಕೆ ಸರಿಹೊಂದಿಸುವ ಮಾತೇ ಇಲ್ಲ, 22.9 ಬಂದರೂ 22 ಎಂದೇ ಬರೆಯುತ್ತಾರೆ. ಎಳೆದಾಡಬಹುದಾದ ಮೇಜು, ಕುರ್ಚಿ, ಆಟಿಕೆ ಪೆಟ್ಟಿಗೆಗಳನ್ನು ಮಾತ್ರ ಸಾಮಾನ್ಯವಾಗಿ ಕಳೆಯುವುದಿಲ್ಲ. ಆದ್ದರಿಂದ ಬೀರುಗಳನ್ನು ಗೋಡೆಗೆ ಜಡಿಯುವ ಮುನ್ನ ಇನ್ನೊಮ್ಮೆ ಯೋಚಿಸಬೇಕು. ಹಾಗೆಂದು ಮಕ್ಕಳು ಹತ್ತಿ ಬೀಳಿಸಿಕೊಳ್ಳಬಹುದಾದ ಎತ್ತರದ ಬೀರುವನ್ನು ಜಡಿಯದೆ ಬಿಡುವಂತಿಲ್ಲ. ಎತ್ತರದವು ಉಗ್ರಾಣದಲ್ಲಿರಲಿ, ಕೋಣೆಯಲ್ಲಿ ಸೊಂಟದೆತ್ತರದವು ಸಾಕು.

ಒಂದು ಮಾತು ಇಲ್ಲಿಯೇ ಹೇಳಬೇಕು. ಇದೇ ಮೂರು ಕೋಣೆಗಳು ಇಂಗ್ಲೆಂಡಿನಲ್ಲಿದ್ದಿದ್ದರೆ ಒಳಗಿನ ಜಾಗದ ಲೆಕ್ಕ ಬೇರೆಯಾಗುತ್ತಿತ್ತು. ಅಲ್ಲಿ ಎರಡು ವರ್ಷದೊಳಗಿನವರಿಗೆ 3.5, ಎರಡು ವರ್ಷದವರಿಗೆ 2.5, ಮೂರರಿಂದ ಐದರವರಿಗೆ 2.3 ಚದರ ಮೀಟರ್. ಲೆಕ್ಕ ಹಾಕಿದರೆ 11, 19, 31, ಒಟ್ಟು 61. ಹೊರಾಂಗಣಕ್ಕೆ ಅಲ್ಲಿ ತಲಾ ಅಳತೆಯಿಲ್ಲ. ಹೊರಗಿನ ಆಟದ ಜಾಗ ಇರಬೇಕು, ಇಲ್ಲದಿದ್ದರೆ ದಿನವೂ ಹೊರಗೆ ಕರೆದೊಯ್ಯುವ ವ್ಯವಸ್ಥೆ ಮಾಡಬೇಕು. ಇನ್ನೊಂದು ಊರಿನ ಕೇಂದ್ರದ ನಕ್ಷೆಯನ್ನು ತಂದು ತಮ್ಮ ಕಟ್ಟಡಕ್ಕೆ ಹೊಂದಿಸುವವರು ಎಡವುವುದು ಇಂಥ ಕಡೆ. ನಕ್ಷೆ ಎಷ್ಟೇ ಚೆನ್ನಾಗಿರಲಿ, ಅದರ ಹಿಂದಿರುವ ನಿಯಮ ಬೇರೆ.

ಅಂಗಳ ಮತ್ತು ಪಾರ್ಕಿಂಗ್

49 ಎಂದರೆ ನಿರಾಸೆಯಾದರೂ ಕೇಂದ್ರ ನಡೆಯುತ್ತಿತ್ತು. ನಿಜವಾದ ಪೆಟ್ಟು ಬಿದ್ದದ್ದು ಹೊರಗೆ. 420 ಚದರ ಮೀಟರಿನಲ್ಲಿ ಪಾರ್ಕಿಂಗ್ ಮತ್ತು ವಾಹನ ತಿರುಗಿಸುವ ಜಾಗ 112, ಸಾಮಾನಿನ ಶೆಡ್ 14, ಎ.ಸಿ. ಯಂತ್ರಗಳಿಗೆ ಬೇಲಿ ಹಾಕಿದ ಮೂಲೆ 7. ಉಳಿದ 287ನ್ನು 7ರಿಂದ ಭಾಗಿಸಿದರೆ 41.

ಪಾರ್ಕಿಂಗನ್ನು ಕಡಿಮೆ ಮಾಡಿದರಾಯಿತು ಎಂದು ಯಾರಿಗಾದರೂ ಅನ್ನಿಸುತ್ತದೆ. ಅರ್ಜಿದಾರರೂ ಅದನ್ನೇ ಕೇಳಿದರು. ಆದರೆ ಮಳಿಗೆಯನ್ನು ಶಿಶುಪಾಲನಾ ಕೇಂದ್ರವಾಗಿ ಬದಲಿಸಲು ಸ್ಥಳೀಯ ಯೋಜನಾ ಕಚೇರಿ ಒಪ್ಪಿಗೆ ಕೊಟ್ಟದ್ದೇ ಇಷ್ಟು ವಾಹನಗಳು ರಸ್ತೆಗೆ ಬರದಂತೆ ಒಳಗೆ ನಿಲ್ಲಬೇಕು ಎಂಬ ಷರತ್ತಿನ ಮೇಲೆ. ಒಂದು ಕಚೇರಿಗೆ ಪಾರ್ಕಿಂಗ್ ಬೇಕು, ಇನ್ನೊಂದಕ್ಕೆ ಆಟದ ಅಂಗಳ ಬೇಕು, ನೆಲ ಇರುವುದು ಒಂದೇ. ಎರಡೂ ಕಾಗದಗಳನ್ನು ಒಂದೇ ನಕ್ಷೆಯ ಮೇಲೆ ಪಕ್ಕಪಕ್ಕ ಗುರುತು ಮಾಡಿ ನೋಡಿದ್ದರೆ ಇದು ಮೊದಲ ವಾರದಲ್ಲೇ ಕಾಣುತ್ತಿತ್ತು. ಬಾಡಿಗೆ ಕರಾರಿಗೆ ಸಹಿ ಹಾಕಿ ಆಮೇಲೆ ನಕ್ಷೆ ಬಿಡಿಸಿದ್ದು ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದಂತಾಯಿತು.

ಮಕ್ಕಳನ್ನು ಸರದಿಯ ಮೇಲೆ ಹೊರಗೆ ಬಿಡುತ್ತೇವೆ ಎಂದು ಬರಹದಲ್ಲಿ ವೇಳಾಪಟ್ಟಿ ಕೊಟ್ಟರೆ ಕೆಲವು ಕಡೆ ವಿನಾಯಿತಿ ಸಿಗುತ್ತದೆ. ವಿನಾಯಿತಿ ಕೊಡುವುದು ಅಧಿಕಾರಿಯ ವಿವೇಚನೆ, ಹಕ್ಕಲ್ಲ. ಅದನ್ನು ನಂಬಿ ಸಾಲದ ಲೆಕ್ಕ ಹಾಕಬಾರದು. ಈ ಪ್ರಕರಣದಲ್ಲಿ 41ಕ್ಕೇ ಒಪ್ಪಿ ಮುಂದಿನ ಯೋಜನೆ ಮಾಡಿದ್ದು ಸರಿಯಾದ ತೀರ್ಮಾನ.

ನಲವತ್ತೊಂದನ್ನು ಹಂಚುವುದು

ಎಷ್ಟು ಮಕ್ಕಳು ಎಂಬುದರಷ್ಟೇ ಯಾವ ವಯಸ್ಸಿನವರು ಎಂಬುದೂ ಮುಖ್ಯ, ಏಕೆಂದರೆ ಸಂಬಳದ ಪಟ್ಟಿ ನಿಂತಿರುವುದು ವಯಸ್ಸಿನ ಮೇಲೆ. ನಾವು ಹಿಡಿದ ನಿಯಮದಲ್ಲಿ ಎರಡು ವರ್ಷದೊಳಗಿನ ನಾಲ್ವರಿಗೆ ಒಬ್ಬರು, ಎರಡು ತುಂಬಿದ ಐವರಿಗೆ ಒಬ್ಬರು, ಮೂರು ದಾಟಿದ ಹನ್ನೊಂದು ಮಕ್ಕಳಿಗೆ ಒಬ್ಬರು. ಕೆಲವು ರಾಜ್ಯಗಳಲ್ಲಿ ಈ ಕೊನೆಯದು ಹತ್ತಕ್ಕೊಬ್ಬರು.

ಮೊದಲಿನ 12, 15, 22ರ ಹಂಚಿಕೆಗೆ ಒಂದೇ ಹೊತ್ತಿಗೆ 3, 3, 2, ಒಟ್ಟು ಎಂಟು ಜನ ಕೋಣೆಯಲ್ಲಿರಬೇಕು. ಅರ್ಜಿಯಲ್ಲಿ ನೇಮಕಾತಿಯೂ ಎಂಟೇ ಎಂದು ಬರೆದಿತ್ತು. ಇದು ತುಂಬ ಸಾಮಾನ್ಯವಾದ ತಪ್ಪು. ಕೇಂದ್ರ ತೆರೆದಿರುವುದು ಹತ್ತೂವರೆ ಗಂಟೆ. ಎಂಟು ಸ್ಥಾನಕ್ಕೆ ದಿನಕ್ಕೆ 84 ಗಂಟೆಯ ಕೆಲಸ. ಊಟ, ವಿರಾಮ, ದಾಖಲೆ ಬರೆಯುವ ಹೊತ್ತು ಕಳೆದು ಒಬ್ಬರು ಮಕ್ಕಳ ಜೊತೆ ಏಳು ಗಂಟೆ ಇರುತ್ತಾರೆ ಎಂದುಕೊಂಡರೆ 12 ಜನ ಬೇಕು. ಅದೂ ಯಾರೂ ರಜೆ ಹಾಕದ ದಿನ.

41ನ್ನು 8, 15, 18 ಎಂದು ಹಂಚಿದಾಗ ಲೆಕ್ಕ ಹಗುರಾಯಿತು. ಎಂಟು ಹಸುಗೂಸುಗಳಿಗೆ ಇಬ್ಬರು, ಹದಿನೈದಕ್ಕೆ ಮೂವರು, ಹದಿನೆಂಟಕ್ಕೆ ಇಬ್ಬರು, ಒಟ್ಟು ಏಳು ಸ್ಥಾನ. 73.5 ಗಂಟೆಗೆ 11 ಜನ. ಹಸುಗೂಸುಗಳನ್ನು ಹನ್ನೆರಡರಿಂದ ಎಂಟಕ್ಕೆ ಇಳಿಸಿದ್ದರಿಂದ ಒಂದು ಸ್ಥಾನವೇ ಉಳಿಯಿತು. ಒಂಬತ್ತನೆಯ ಕೂಸನ್ನು ಸೇರಿಸಿಕೊಂಡ ದಿನ ಮೂರನೆಯವರನ್ನು ಪೂರ್ತಿ ದಿನಕ್ಕೆ ನೇಮಿಸಬೇಕಾಗುತ್ತದೆ. ಹಾಗಾಗಿ ಕೂಸುಗಳ ಕೋಣೆಯನ್ನು ಯಾವಾಗಲೂ ನಾಲ್ಕರ ಗುಣಾಕಾರದಲ್ಲೇ ತುಂಬಬೇಕು. 18 ಮಕ್ಕಳಿದ್ದರೆ ಹತ್ತಕ್ಕೊಬ್ಬರ ನಿಯಮ ಬಂದರೂ ಇಬ್ಬರೇ ಸಾಕು ಎಂಬುದು ಇನ್ನೊಂದು ಅನುಕೂಲ.

ಇದರ ಬೆನ್ನಿಗೇ ಹುಟ್ಟುಹಬ್ಬದ ಸಮಸ್ಯೆ ಬರುತ್ತದೆ. ಕೂಸಿಗೆ ಎರಡು ತುಂಬಿದ ದಿನ ಪಕ್ಕದ ಕೋಣೆಯಲ್ಲಿ ಜಾಗ ಇರಬೇಕಲ್ಲ! ಹದಿನೈದೂ ತುಂಬಿದ್ದರೆ ಅದು ಇದ್ದಲ್ಲೇ ಉಳಿಯುತ್ತದೆ, ಹೊಸ ಕೂಸಿಗೆ ಕೊಟ್ಟ ಮಾತು ತಪ್ಪುತ್ತದೆ. ಮುಂದಿನ ಹನ್ನೆರಡು ತಿಂಗಳಲ್ಲಿ ಯಾರಿಗೆ ಯಾವ ತಿಂಗಳು ಎರಡು ಮತ್ತು ಮೂರು ತುಂಬುತ್ತದೆ ಎಂಬ ಒಂದು ಹಾಳೆಯ ಪಟ್ಟಿ ಕಚೇರಿಯ ಗೋಡೆ ಮೇಲಿದ್ದರೆ ಸಾಕು.

ಅಧಿಕಾರಿಗಳು ಬರುವ ಸಾಲು

ಭೂಬಳಕೆ, ಆಮೇಲೆ ಕಟ್ಟಡದ ಬಳಕೆ ಬದಲಾವಣೆ, ಆಮೇಲೆ ಅಗ್ನಿಶಾಮಕ, ಆಮೇಲೆ ಆರೋಗ್ಯ, ಕೊನೆಗೆ ಪರವಾನಗಿ ಕೊಡುವ ಇಲಾಖೆ. ಸಾಮಾನ್ಯವಾಗಿ ಸಾಲು ಹೀಗಿರುತ್ತದೆ. ಹಿಂದಿನದು ಮುಗಿಯದೆ ಮುಂದಿನದು ಕದಲುವುದಿಲ್ಲ. ಅಗ್ನಿ ತಪಾಸಣೆಗೆ ಮುನ್ನ ಬಣ್ಣ ಬಳಿದು ಮುಗಿಸಿದರೆ ಅದನ್ನು ಮತ್ತೆ ಒಡೆಯುವ ಸಾಧ್ಯತೆ ಹೆಚ್ಚು. ಇಲ್ಲಿ ಆದದ್ದೂ ಅದೇ.

ಹಸುಗೂಸುಗಳ ಕೋಣೆಗೆ ಹೊರಗೆ ತೆರೆಯುವ ಬಾಗಿಲಿರಲಿಲ್ಲ. ನಡೆಯಲು ಬಾರದ ಮಕ್ಕಳನ್ನು ಹೊತ್ತು ಓಡಾಟದ ದಾರಿ ಸುತ್ತಿ ಮುಖ್ಯದ್ವಾರಕ್ಕೆ ಬರಬೇಕಿತ್ತು. ಅಮೆರಿಕದಲ್ಲಿ ಬಹಳ ಕಡೆ ಆಧಾರವಾಗಿರುವ ಇಂಟರ್‌ನ್ಯಾಷನಲ್ ಬಿಲ್ಡಿಂಗ್ ಕೋಡ್ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಎರಡೂವರೆ ವರ್ಷ ಮೀರದ ಐದಕ್ಕಿಂತ ಹೆಚ್ಚು ಮಕ್ಕಳಿದ್ದರೆ ಕಟ್ಟಡ ಐ-4 ಎಂಬ ಕಟ್ಟುನಿಟ್ಟಿನ ಗುಂಪಿಗೆ ಸೇರುತ್ತದೆ. ಅಂಥ ಮಕ್ಕಳು ನೂರು ಮೀರದೆ, ಅವರಿರುವ ಕೋಣೆಗಳು ನೇರವಾಗಿ ಹೊರಗೆ ಹೋಗಬಹುದಾದ ಅಂತಸ್ತಿನಲ್ಲೇ ಇದ್ದು, ಪ್ರತಿ ಕೋಣೆಗೂ ನೇರ ಹೊರಬಾಗಿಲಿದ್ದರೆ ಶಾಲೆಗಳಿರುವ ಇ ಗುಂಪಿನಲ್ಲೇ ಉಳಿಯಬಹುದು. ಒಂದು ಬಾಗಿಲು ಇಡುವುದೋ, ಇಡೀ ಕಟ್ಟಡವನ್ನು ಮೇಲಿನ ದರ್ಜೆಗೆ ಏರಿಸುವುದೋ ಎಂಬ ಪ್ರಶ್ನೆ ಅದು. ಎರಡು ವರ್ಷದವರ ಕೋಣೆಗೆ ಹಳೆಯ ಮಳಿಗೆಯ ಪಕ್ಕದ ಬಾಗಿಲು ಮೊದಲೇ ಇತ್ತು. ಹಸುಗೂಸುಗಳ ಕೋಣೆಯ ಹೊರಗೋಡೆ ಒಡೆದು ಹೊರಕ್ಕೆ ತೆರೆಯುವ ಬಾಗಿಲು ಇಟ್ಟರು. ಬಾಗಿಲಿನ ಹೊರಗೆ ಒಂದು ಮೆಟ್ಟಿಲೂ ಇರದಂತೆ ಇಳಿಜಾರು ಮಾಡಿದ್ದು ಒಳ್ಳೆಯದಾಯಿತು. ನಾಲ್ಕು ಕೂಸುಗಳನ್ನು ಕೂರಿಸಿ ತಳ್ಳುವ ಚಕ್ರದ ತೊಟ್ಟಿಲು ಮೆಟ್ಟಿಲು ಇಳಿಯುವುದಿಲ್ಲ.

ಮೊದಲ ತಪಾಸಣೆಯಲ್ಲಿ ಸಿಕ್ಕವು

ಕೈ ತೊಳೆಯುವ ನಲ್ಲಿಯಲ್ಲಿ ಬಿಸಿನೀರು 54 ಡಿಗ್ರಿ ಸೆಲ್ಸಿಯಸ್ ಇತ್ತು. ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗದ ಅಂಕಿಯಂತೆ ಈ ಬಿಸಿಗೆ ವಯಸ್ಕರ ಚರ್ಮವೇ ಅರ್ಧ ನಿಮಿಷದಲ್ಲಿ ಆಳವಾಗಿ ಸುಡುತ್ತದೆ, 60 ಡಿಗ್ರಿಗೆ ಆರು ಸೆಕೆಂಡು ಸಾಕು. ಮಕ್ಕಳ ಚರ್ಮ ಇನ್ನೂ ತೆಳು. ಕ್ಯಾಲಿಫೋರ್ನಿಯಾದ ಮಿತಿ 105ರಿಂದ 120 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 41ರಿಂದ 49 ಸೆಲ್ಸಿಯಸ್. ಗೀಸರಿನ ಗುಂಡಿ ತಿರುಗಿಸಿ ಇಳಿಸಿದರೆ ಪಾತ್ರೆ ತೊಳೆಯಲು ಬೇಕಾದ ಬಿಸಿ ಅಡುಗೆಮನೆಗೆ ಸಿಗುವುದಿಲ್ಲ. ಆದ್ದರಿಂದ ಮಕ್ಕಳ ನಲ್ಲಿಯ ಬುಡದಲ್ಲಿ ತಣ್ಣೀರು ಬೆರೆಸಿ ಬಿಸಿಗೆ ಮಿತಿ ಹಾಕುವ ವಾಲ್ವ್ ಕೂರಿಸಿದರು. ತಿಂಗಳಿಗೊಮ್ಮೆ ಥರ್ಮಾಮೀಟರ್ ಇಟ್ಟು ಅಂಕಿ ಬರೆದಿಡುವ ಪುಸ್ತಕವೂ ಬೇಕು, ವಾಲ್ವ್ ಹಾಳಾದರೆ ಕಣ್ಣಿಗೆ ಗೊತ್ತಾಗುವುದಿಲ್ಲ.

ಬೇಲಿಯ ಎತ್ತರ 1.3 ಮೀಟರ್, ಬೇಕಾದಷ್ಟಿತ್ತು. ಸರಳುಗಳ ನಡುವಿನ ಸಂದು 115 ಮಿಲಿಮೀಟರ್. ಆಟದ ಅಂಗಳದ ಸಾಧನಗಳಿಗೆ ಆ ಆಯೋಗವೇ ಹಾಕಿರುವ ಅಳತೆಯಂತೆ 89ರಿಂದ 229 ಮಿಲಿಮೀಟರ್ ನಡುವಿನ ಸಂದು ಅಪಾಯಕಾರಿ. ಪುಟ್ಟ ಮಗುವಿನ ಮೈ ನುಸುಳುತ್ತದೆ, ತಲೆ ನುಸುಳುವುದಿಲ್ಲ. ಕಾಲು ಮುಂದಾಗಿ ನುಸುಳಿದ ಮಗು ಕತ್ತಿನಲ್ಲಿ ಸಿಕ್ಕಿಕೊಂಡು ನೇತಾಡುತ್ತದೆ. ತಪಾಸಣಾಧಿಕಾರಿ ಅದೇ ಅಳತೆಯನ್ನು ಬೇಲಿಗೂ ಹಿಡಿದರು. ಇಡೀ ಬೇಲಿ ಬದಲಿಸದೆ ಒಳಮೈಗೆ ಹತ್ತಲು ಹಿಡಿತ ಸಿಗದ ಸಣ್ಣ ಕಣ್ಣಿನ ಜಾಲರಿ ಹೊದಿಸಿ ಸರಿಪಡಿಸಿದರು.

ಹತ್ತುವ ಆಟದ ಚೌಕಟ್ಟಿನ ಎತ್ತರ 1.2 ಮೀಟರ್, ಕೆಳಗೆ ಮರಳು ಹತ್ತೇ ಸೆಂಟಿಮೀಟರ್. ಆ ಎತ್ತರಕ್ಕೆ ಸುಮಾರು 23 ಸೆಂಟಿಮೀಟರ್ ಬೇಕು, ಸುತ್ತ 1.8 ಮೀಟರ್ ದೂರದವರೆಗೂ ಬೇಕು. ಮರಳು ತುಳಿತಕ್ಕೆ ಗಟ್ಟಿಯಾಗುತ್ತದೆ, ಜಾರುಬಂಡಿಯ ಕೆಳತುದಿಯಲ್ಲಿ ಬೇಗ ಗುಳಿ ಬೀಳುತ್ತದೆ. ಕಂಬದ ಮೇಲೆ 23ರ ಗುರುತಿಗೆ ಬಣ್ಣದ ಗೆರೆ ಎಳೆದರೆ ಬೆಳಿಗ್ಗೆ ಅಂಗಳ ನೋಡುವವರಿಗೆ ಅಳತೆಪಟ್ಟಿ ಬೇಕಾಗುವುದಿಲ್ಲ.

ಕೊಂಡು ತಂದ ಹಳೆಯ ತೊಟ್ಟಿಲುಗಳಲ್ಲಿ ನಾಲ್ಕರ ಪಕ್ಕದ ಕಟಕಟೆ ಕೆಳಕ್ಕೆ ಜಾರುವ ಬಗೆಯದು. ಕೊಕ್ಕೆ ಸಡಿಲವಾದಾಗ ಹಾಸಿಗೆಗೂ ಕಟಕಟೆಗೂ ನಡುವೆ ಮಗು ಸಿಕ್ಕಿಕೊಂಡು ಉಸಿರುಗಟ್ಟುತ್ತದೆ. ಅಮೆರಿಕದಲ್ಲಿ ಇವುಗಳ ಮಾರಾಟ 2011ರಿಂದ ನಿಷಿದ್ಧ. ಅವನ್ನು ಬಿಸಾಡಿದರು, ಮಾರಲಿಲ್ಲ. ಉಳಿದವುಗಳಲ್ಲಿ ಸರಳುಗಳ ಸಂದು 6 ಸೆಂಟಿಮೀಟರ್ ಮೀರಬಾರದು, ಹಾಸಿಗೆಯ ಅಂಚಿನಲ್ಲಿ ಎರಡು ಬೆರಳಿಗಿಂತ ಹೆಚ್ಚು ಜಾಗ ಇರಬಾರದು. ಒಳಗೆ ದಿಂಬು, ಹೊದಿಕೆ, ಗೊಂಬೆ ಯಾವುದೂ ಬೇಡ. ಕೂಸನ್ನು ಬೆನ್ನಿನ ಮೇಲೆ ಮಲಗಿಸಬೇಕು. ಕ್ಯಾಲಿಫೋರ್ನಿಯಾದಲ್ಲಿ ಪ್ರತಿ 15 ನಿಮಿಷಕ್ಕೊಮ್ಮೆ ಹೋಗಿ ನೋಡಿ ಬರೆಯಬೇಕೆಂಬ ನಿಯಮವಿದೆ. ನಿಯಮ ಇಲ್ಲದ ಕಡೆಯೂ ಅದನ್ನು ಪಾಲಿಸುವುದೇ ಸರಿ. ನಿದ್ದೆಯಲ್ಲಿ ಹೋದ ಕೂಸಿಗೆ ಯಾವ ತಿದ್ದುಪಡಿಯೂ ಇಲ್ಲ.

ಡಯಾಪರ್ ಬದಲಿಸುವ ಮೇಜಿಗೆ ಹತ್ತಿರದ ಸಿಂಕು ಮೂರು ಮೀಟರ್ ದೂರದಲ್ಲಿತ್ತು. ಮೇಜಿನ ಮೇಲೆ ಕೂಸನ್ನು ಬಿಟ್ಟು ಕೈ ತೊಳೆಯಲು ಹೋಗುವಂತಿಲ್ಲ, ತೊಳೆಯದೆ ಕೂಸನ್ನು ಎತ್ತುವಂತೆಯೂ ಇಲ್ಲ. ಸಿಂಕನ್ನು ಕೈಗೆಟುಕುವಷ್ಟು ಹತ್ತಿರ ತಂದರು. ಪರದೆಯ ನೇತಾಡುವ ದಾರಗಳು, ಬೀಗವಿಲ್ಲದ ಸೋಂಕುನಿವಾರಕದ ಬೀರು ಸಂಜೆಯೊಳಗೆ ಸರಿಯಾದವು.

ಜನ ಮತ್ತು ಕಾಗದ

ಹಿನ್ನೆಲೆ ಪರಿಶೀಲನೆ ಶಿಕ್ಷಕಿಯರಿಗೆ ಮಾತ್ರ ಎಂದುಕೊಂಡಿದ್ದರು. ಅಡುಗೆಯವರು, ವಾಹನ ಚಾಲಕರು, ಬದಲಿಗೆ ಬರುವವರು, ಮಾಲೀಕರು, ಮಕ್ಕಳ ಜೊತೆ ಒಂಟಿಯಾಗಿ ಇರಲು ಸಾಧ್ಯವಿರುವ ಪ್ರತಿಯೊಬ್ಬರಿಗೂ ಬೇಕು. ಇಬ್ಬರ ವರದಿ ಬರುವ ಮೊದಲೇ ಅವರನ್ನು ಪಾಳಿ ಪಟ್ಟಿಗೆ ಸೇರಿಸಿದ್ದರಿಂದ ತೆರೆಯುವ ದಿನ ಮೂರು ವಾರ ಮುಂದೆ ಹೋಯಿತು. ಬೆರಳಚ್ಚು ಕೊಟ್ಟ ರಸೀದಿ ಒಪ್ಪಿಗೆಯಲ್ಲ.

ಮಕ್ಕಳ ಪ್ರಥಮ ಚಿಕಿತ್ಸೆಯ ಪ್ರಮಾಣಪತ್ರ ಎರಡು ಅಥವಾ ಮೂರು ವರ್ಷಕ್ಕೆ ಮುಗಿಯುತ್ತದೆ. ಕೇಂದ್ರ ತೆರೆದಿರುವ ಪ್ರತಿ ನಿಮಿಷವೂ ಪ್ರಮಾಣಪತ್ರ ಇರುವ ಒಬ್ಬರು ಒಳಗಿರಬೇಕು. ಒಬ್ಬರೇ ತರಬೇತಿ ಪಡೆದಿದ್ದರೆ ಅವರು ಊಟಕ್ಕೆ ಹೊರಗೆ ಹೋದ ಅರ್ಧ ಗಂಟೆ ಕೇಂದ್ರ ನಿಯಮದ ಹೊರಗಿರುತ್ತದೆ. ಮುಖ್ಯಸ್ಥೆಯ ವಿಷಯದಲ್ಲೂ ಇದೇ. ಅವರಿಲ್ಲದಾಗ ಯಾರು ಹೊಣೆ ಎಂದು ಹೆಸರು ಬರೆದಿರಬೇಕು.

ಪ್ರತಿ ಮಗುವಿನ ಕಡತದಲ್ಲಿ ಲಸಿಕೆಯ ವಿವರ, ತುರ್ತಿಗೆ ಕರೆಯಬೇಕಾದವರು, ಕರೆದೊಯ್ಯಲು ಅನುಮತಿ ಇರುವವರು, ಅಲರ್ಜಿ, ಚಿಕಿತ್ಸೆಗೆ ಒಪ್ಪಿಗೆ ಇರಬೇಕು. ಔಷಧಿಯನ್ನು ಮೂಲ ಬಾಟಲಿಯಲ್ಲೇ ತೆಗೆದುಕೊಳ್ಳಬೇಕು. ಕೊಟ್ಟ ಪ್ರಮಾಣ, ಹೊತ್ತು, ಕೊಟ್ಟವರ ಸಹಿ ಆಗಿಂದಾಗ್ಗೆ ಬರೆಯಬೇಕು.

ತೆರೆದ ಮೇಲೆ

ಆರನೇ ವಾರ, ಮಧ್ಯಾಹ್ನ 1.10ಕ್ಕೆ ಮುನ್ಸೂಚನೆ ಇಲ್ಲದೆ ತಪಾಸಣೆಗೆ ಬಂದರು. ದೊಡ್ಡ ಮಕ್ಕಳ ಕೋಣೆಯಲ್ಲಿ ಹದಿನೆಂಟು ಮಕ್ಕಳು ಮಲಗಿದ್ದರು. ಇಬ್ಬರಲ್ಲಿ ಒಬ್ಬರು ಊಟಕ್ಕೆ ಹೋಗಿದ್ದರು, ಇನ್ನೊಬ್ಬರು ಎಚ್ಚರವಾದ ಮಗುವನ್ನು ಶೌಚಾಲಯಕ್ಕೆ ಕರೆದೊಯ್ದಿದ್ದರು. ಹದಿನೇಳು ಮಕ್ಕಳ ಜೊತೆ ನಾಲ್ಕು ನಿಮಿಷ ಯಾರೂ ಇರಲಿಲ್ಲ. ಸಂಬಳದ ಪಟ್ಟಿಯಲ್ಲಿ ಹನ್ನೊಂದೂ ಜನ ಇದ್ದರು, ಆ ದಿನ ಎಲ್ಲರೂ ಹಾಜರಿದ್ದರು. ಕೊರತೆ ಇದ್ದದ್ದು ಜನರದ್ದಲ್ಲ, ಆ ಹೊತ್ತಿಗೆ ಆ ಕೋಣೆಯಲ್ಲಿ ಯಾರು ಎಂಬುದರದ್ದು.

ತಿದ್ದುಪಡಿಗೆ ಪಾಳಿ ಪಟ್ಟಿಯನ್ನು ಗಂಟೆಯ ಬದಲು 15 ನಿಮಿಷದ ಮನೆಗಳಾಗಿ ಬರೆದರು. 11.30ರಿಂದ 2.30ರವರೆಗೆ ಯಾವ ಕೋಣೆಗೂ ಸೇರದ ಒಬ್ಬರನ್ನು ಬದಲಿ ಕೈಯಾಗಿ ಇಟ್ಟರು. ಬದಲಿ ಕೈ ಒಳಗೆ ಕಾಲಿಟ್ಟ ಮೇಲೆಯೇ ಮೊದಲಿನವರು ಹೊರಡಬೇಕು. ಬೆಳಿಗ್ಗೆ ಮೊದಲ ಗಂಟೆ ಮತ್ತು ಸಂಜೆ ಕೊನೆಯ ಗಂಟೆ ಎಲ್ಲ ವಯಸ್ಸಿನವರೂ ಒಂದೇ ಕೋಣೆಯಲ್ಲಿ ಸೇರುವಾಗ ಅತಿ ಚಿಕ್ಕ ಮಗುವಿಗೆ ಬೇಕಾದ ಅನುಪಾತವನ್ನೇ ಇಡೀ ಗುಂಪಿಗೆ ಹಿಡಿದರು. ಒಬ್ಬರೇ ಇದ್ದರೂ ಸಾಕೆನಿಸುವ ಹೊತ್ತಿನಲ್ಲೂ ಕಟ್ಟಡದಲ್ಲಿ ಇಬ್ಬರು ದೊಡ್ಡವರು.

ಎಣಿಕೆಯ ಕ್ರಮವೂ ಬದಲಾಯಿತು. ಅಂಗಳಕ್ಕೆ ಹೋಗುವಾಗ, ಬರುವಾಗ, ಊಟಕ್ಕೆ ಕೂರುವಾಗ, ಮಲಗಿಸುವಾಗ ಹಾಜರಿ ಹಲಗೆ ಕೈಯಲ್ಲಿ ಹಿಡಿದು ಹೆಸರು ಕರೆದು ಆ ಮುಖ ನೋಡಿ ಗುರುತು ಹಾಕುತ್ತಾರೆ. ತಲೆ ಎಣಿಸಿದರೆ ಹದಿನೆಂಟು ಸರಿಬರಬಹುದು, ಆದರೆ ಪಕ್ಕದ ಕೋಣೆಯ ಒಂದು ಮಗು ಇಲ್ಲಿ ಸೇರಿ ಇಲ್ಲಿನ ಒಂದು ಮಗು ಅಂಗಳದ ಶೆಡ್ಡಿನ ಹಿಂದೆ ಉಳಿದಿದ್ದರೂ ಹದಿನೆಂಟೇ. ಶೆಡ್ಡಿನ ಹಿಂದಿನ ಆ ಮೂಲೆ ಕಿಟಕಿಯಿಂದ ಕಾಣುತ್ತಿರಲಿಲ್ಲ. ಎಣಿಕೆಯ ಹಲಗೆ ಬಂದ ವಾರವೇ ಅದಕ್ಕೆ ಅಡ್ಡಬೇಲಿ ಹಾಕಿ ಮುಚ್ಚಿದರು. ಮಕ್ಕಳು ಹೋಗಲಾಗದ ಜಾಗ ಆಟದ ಅಂಗಳದ ಲೆಕ್ಕಕ್ಕೆ ಬರುವುದಿಲ್ಲವಾದ್ದರಿಂದ ಮುಚ್ಚಿದ ಎರಡು ಚದರ ಮೀಟರನ್ನು ಇಲಾಖೆಗೆ ಬರಹದಲ್ಲಿ ತಿಳಿಸಿದರು. 285 ಚದರ ಮೀಟರಿಗೆ ಈಗ ಪರವಾನಗಿಯ ಸಂಖ್ಯೆ 40.